ಕಪ್ಪು ಸೇರಿದ್ದಲ್ಲ, ಕೆಂಪು ಹೋದದ್ದು

ತಿರುವನಂತಪುರದ ಚಾಲೈನಲ್ಲಿ ನನ್ನ ನೆರೆಯವರಾದ ಸಹೋದ್ಯೋಗಿ ಕಾರ್ನ್ ಸ್ನೇಕ್ ಸಾಕಿದ್ದಾರೆ. ಅಮೆರಿಕ ಮೂಲದ, ವಿಷವಿಲ್ಲದ ಕಿತ್ತಳೆ ಹಾವು. ಅವರಿಗೆ ಕಪ್ಪು ಮರಿಗಳ ಆಸೆ.

ಇಲ್ಲಿ ಕಪ್ಪು ಸೇರುವುದಿಲ್ಲ, ಕೆಂಪು ಕಳಚುತ್ತದೆ. ‘ಅನೆರಿ’, ‘ಚಾರ್ಕೋಲ್’ ತಳಿಗಳೆರಡೂ ನೋಡಲು ಕಪ್ಪು-ಬೂದು. ಜೀನ್ ಮಾತ್ರ ಬೇರೆ. ಎರಡು ಬಗ್, ಒಂದೇ ಎರರ್! ಆ ಎರಡನ್ನು ಕೂಡಿಸಿದರೆ ಮರಿಗಳೆಲ್ಲ ಕಿತ್ತಳೆ. ಕಪ್ಪು ಮರಳುವುದು ಮೊಮ್ಮಕ್ಕಳಲ್ಲಿ: ಸರಾಸರಿ 16ರಲ್ಲಿ 7. ಉಳಿದ 9 ಕಿತ್ತಳೆಯೇ.

“ಚೇಟ್ಟಾ, ಆ ಒಂಬತ್ತರ ಗತಿ?” ಎಂದೆ. ಹದಿನೈದು ವರ್ಷವಾದರೂ ಬದುಕುವ ಜೀವ. ಪರದೇಶದ ಹಾವನ್ನು ಇಲ್ಲಿನ ತೋಟಕ್ಕೆ ಬಿಡುವಂತಿಲ್ಲ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆದು ಬೆಳೆದ ನನಗೆ, ಬಣ್ಣ ಸರಿಯಿಲ್ಲವೆಂದು ಹಾವನ್ನು ಬೇಡವೆನ್ನುವುದು ಒಗ್ಗಲಿಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲು ಒಂಬತ್ತು ಮನೆ ಹುಡುಕುತ್ತೇನೆ, ಆಮೇಲೆ ಜೋಡಿ” ಎಂದರು.