ಟ್ರೇಲರ್ ಹತ್ತುವ ಮುನ್ನ ದೇಹಕ್ಕೂ ಬೇಕು ತರಬೇತಿ

ಮಳಖೇಡ, ಸೇಡಂ ಹಾಗೂ ವಾಡಿಯ ಸಿಮೆಂಟ್ ಕಾರ್ಖಾನೆಗಳು, ಶಹಾಬಾದ್ ಸುತ್ತಲಿನ ಕಲ್ಲಿನ ಗಣಿಗಳು ನಮ್ಮ ಭಾಗದ ಎಷ್ಟೋ ಮನೆಗಳಿಗೆ ಲಾರಿಯ ದುಡಿಮೆಯನ್ನು ಕೊಟ್ಟಿವೆ. ನಾಲ್ಕಾರು ವರ್ಷ ಸಿಮೆಂಟ್ ಬಲ್ಕರನ್ನೋ ಟಿಪ್ಪರನ್ನೋ ಓಡಿಸಿದ ಚಾಲಕ, ಹೆಚ್ಚಿನ ಸಂಪಾದನೆಯ ಆಸೆಯಿಂದ ಕಲ್ಲು, ಕಬ್ಬಿಣ, ಯಂತ್ರ ಸಾಗಿಸುವ ತೆರೆದ ಟ್ರೇಲರ್‌ಗೆ ಬದಲಾಗುವುದುಂಟು. ‘ಸ್ಟೇರಿಂಗ್ ಎಲ್ಲಾ ಒಂದೇ, ಎಂಟು ದಿನದಲ್ಲಿ ಕೈ ಕೂರುತ್ತದೆ’ ಎಂಬ ಧೈರ್ಯ ಅವನಿಗಿರುತ್ತದೆ. ವೈದ್ಯನ ದೃಷ್ಟಿಯಿಂದ ನೋಡಿದರೆ ಇದು ಬೇರೆಯೇ ಕೆಲಸ.

ಬಲ್ಕರ್‌ನಲ್ಲಿ ಮಾಲು ಮುಚ್ಚಿದ ಟ್ಯಾಂಕಿನೊಳಗಿರುತ್ತದೆ. ಮಂಚದಂತೆ ಸಪಾಟಾದ, ಅಕ್ಕಪಕ್ಕ ಗೋಡೆಯಿಲ್ಲದ ಟ್ರೇಲರ್‌ನಲ್ಲಿ ಮಾಲನ್ನು ಹಿಡಿದಿಡುವುದು ಸರಪಳಿ, ಪಟ್ಟಿ, ಹಗ್ಗ ಮಾತ್ರ. ಅವನ್ನು ಬಿಗಿಯುವುದು, ತಾಡಪತ್ರಿ ಹೊದಿಸುವುದು, ದಾರಿಯಲ್ಲಿ ಇಳಿದು ನೋಡುವುದು ಚಾಲಕನ ಹೊಣೆಯಾಗುತ್ತದೆ. ಹೀಗಾಗಿ ಕೂತು ಮಾಡುವ ಕೆಲಸಕ್ಕೆ ಹತ್ತುವ, ಎಳೆಯುವ, ಎತ್ತುವ ಕೆಲಸವೂ ಸೇರುತ್ತದೆ.

ಮೊದಲು ತಪಾಸಣೆ

ಸಾರಿಗೆ ವಾಹನ ಓಡಿಸಲು ಕಾನೂನಿನ ಪ್ರಕಾರ 20 ವರ್ಷ ತುಂಬಿರಬೇಕು. ಲಘು ವಾಹನದ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷವಾಗಿರಬೇಕು. ಇದರೊಂದಿಗೆ ನಮೂನೆ 1-ಎ ಎಂಬ ವೈದ್ಯಕೀಯ ಪ್ರಮಾಣಪತ್ರವೂ ಬೇಕು. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತದೆಯೇ, ಇರುಳುಗಣ್ಣು ಇದೆಯೇ, ಕಿವಿ ಕೇಳುತ್ತದೆಯೇ ಎಂಬುದನ್ನು ಅದರಲ್ಲಿ ವೈದ್ಯರು ಬರೆಯಬೇಕು. ಇದನ್ನು ಬರೀ ಸಹಿಯ ಕಾಗದವೆಂದು ತಿಳಿಯಬೇಡಿ. ಇದೇ ಭೇಟಿಯಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಿ. ಸೊಂಟ, ಮೊಣಕಾಲು, ಭುಜದ ಹಳೆಯ ನೋವನ್ನು ಮುಚ್ಚಿಡದೆ ಹೇಳಿ. ಜೋರಾಗಿ ಗೊರಕೆ ಹೊಡೆದು ಹಗಲೆಲ್ಲ ತೂಕಡಿಸುವವರು ಅದನ್ನೂ ತಿಳಿಸಬೇಕು. ನಿದ್ದೆಯಲ್ಲಿ ಉಸಿರು ಕಟ್ಟುವ ಈ ತೊಂದರೆಗೆ ಚಿಕಿತ್ಸೆಯುಂಟು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ಸಕ್ಕರೆ ಒಮ್ಮೆಲೆ ಇಳಿಯಬಹುದು. ಬೆವರು, ನಡುಕ, ಕಣ್ಣು ಮಂಜಾಗುವುದು ಇದರ ಸೂಚನೆ. ಗಾಡಿ ನಿಲ್ಲಿಸಿ ತಕ್ಷಣ ಸಕ್ಕರೆ ತಿನ್ನಬೇಕು.

ಏನು ಕಲಿಯಬೇಕು?

2021ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ, ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಲ್ಲಿ ಭಾರೀ ವಾಹನದ ತರಬೇತಿ 38 ಗಂಟೆಯದು. ಇದನ್ನು ಆರು ವಾರಗಳಲ್ಲಿ ಹಂಚಲಾಗಿದೆ. ಆದರೆ ಮಾಲು ಕಟ್ಟುವ ವಿದ್ಯೆಯನ್ನು ನಮ್ಮಲ್ಲಿ ಹೆಚ್ಚಿನವರು ಉಸ್ತಾದನ ಕೈಕೆಳಗೆ ಕ್ಲೀನರ್ ಆಗಿಯೇ ಕಲಿಯುತ್ತಾರೆ. ಉಸ್ತಾದ್ ಒಳ್ಳೆಯವನಾದರೆ ಸರಿ, ಅವಸರದವನಾದರೆ ಅವಸರವನ್ನೇ ಕಲಿಸುತ್ತಾನೆ. ಆದ್ದರಿಂದ ಒಂಟಿಯಾಗಿ ಹೊರಡುವ ಮುನ್ನ ಅನುಭವಿಗಳ ಜೊತೆ ಕೆಲವು ವಾರ ಓಡಾಡಿ, ಕಲ್ಲು, ಕಂಬಿ, ಯಂತ್ರ ಎಲ್ಲದರ ಕಟ್ಟನ್ನೂ ಕಲಿಯಲು ಅವಕಾಶ ಕೊಡುವಂತೆ ಮಾಲೀಕರನ್ನು ಕೇಳಬೇಕು.

ಅಮೆರಿಕದ ನಿಯಮದಲ್ಲಿ ಒಂದು ಒಳ್ಳೆಯ ಪಾಠವಿದೆ. ಹೊರಟ ಮೊದಲ 50 ಮೈಲಿ, ಅಂದರೆ ಸುಮಾರು 80 ಕಿ.ಮೀ. ಒಳಗೆ ಚಾಲಕ ಇಳಿದು ಕಟ್ಟು ನೋಡಬೇಕು. ಆಮೇಲೆ ಮೂರು ಗಂಟೆ ಅಥವಾ 150 ಮೈಲಿ, ಯಾವುದು ಮೊದಲೋ ಆಗ ಮತ್ತೆ ನೋಡಬೇಕು. ಗಾಡಿ ಕುಲುಕಿದಾಗ ಮಾಲು ಕುಸಿದು ಕೂರುತ್ತದೆ, ಬಿಗಿದದ್ದು ಸಡಿಲವಾಗುತ್ತದೆ ಎಂಬುದೇ ಇದಕ್ಕೆ ಕಾರಣ. ಗುಂಡಿ ಬಿದ್ದ ರಸ್ತೆಗಳಲ್ಲಿ ಇನ್ನೂ ಬೇಗ ನೋಡುವುದು ಲೇಸು.

ನಿಂತ ಗಾಡಿಯೂ ಅಪಾಯಕಾರಿ

ಗಾಡಿ ನಿಂತಿರುವಾಗಲೂ ದೊಡ್ಡ ಪೆಟ್ಟುಗಳಾಗುತ್ತವೆ. ಒಂದು ಇಂಚು ದಪ್ಪ, ಎರಡು ಅಡಿ ಚೌಕದ ಒಂದು ಹಾಸುಗಲ್ಲು ಸುಮಾರು 24 ಕಿಲೋ ತೂಗುತ್ತದೆ. ನಿಲ್ಲಿಸಿಟ್ಟ ಇಪ್ಪತ್ತು ಕಲ್ಲು ಒಟ್ಟಿಗೆ ವಾಲಿದರೆ ಹೆಚ್ಚುಕಡಿಮೆ ಅರ್ಧ ಟನ್ನು. ಬೀಳುವ ಕಲ್ಲಿಗೆ ಕೈಯೊಡ್ಡಿ ತಡೆಯಲು ಹೋಗಬಾರದು. ಕಟ್ಟು ಬಿಚ್ಚುವಾಗ ಮಾಲು ವಾಲುವ ಕಡೆ ನಿಲ್ಲಬಾರದು.

ಹತ್ತಿ ಇಳಿಯುವಾಗ ಎರಡು ಕೈ, ಎರಡು ಕಾಲುಗಳಲ್ಲಿ ಮೂರಾದರೂ ಸದಾ ಆಧಾರ ಹಿಡಿದಿರಲಿ. ಮೇಲಿನಿಂದ ಜಿಗಿಯಬೇಡಿ. ಸರಪಳಿ ಬಿಗಿಯುವ ಸನ್ನೆಕೋಲು ಸಿಡಿದರೆ ದವಡೆ ಮುರಿಯುತ್ತದೆ. ಮುಖವನ್ನು ಅದರ ನೇರಕ್ಕೆ ತರಬೇಡಿ. ತಾಡಪತ್ರಿ ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ, ಇಬ್ಬರು ಸೇರಿ ಎತ್ತಿ. ಚಪ್ಪಲಿ ಬಿಟ್ಟು ಬೂಟು, ಕೈಗವಸು, ತಲೆಗೆ ಹೆಲ್ಮೆಟ್ ಧರಿಸಿ.

ನಿದ್ದೆ ಮತ್ತು ನೀರು

ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ಕಣ್ಣು ಮುಚ್ಚಿದರೆ ಗಾಡಿ 50 ಮೀಟರ್ ಓಡಿರುತ್ತದೆ. 17 ಗಂಟೆ ನಿದ್ದೆಗೆಟ್ಟವನ ಚುರುಕುತನ, ರಕ್ತದಲ್ಲಿ ಶೇ. 0.05 ಮದ್ಯವಿರುವವನಷ್ಟೇ ಕುಂದುತ್ತದೆಂದು 1997ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿತು. ನಮ್ಮ ಕಾನೂನಿನ ಮಿತಿಯೇ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ. 0.03. ಬೆಳಗಿನ ಜಾವ ಎರಡರಿಂದ ಐದು ಗಂಟೆ ಮತ್ತು ಮಧ್ಯಾಹ್ನದ ಊಟದ ನಂತರ ನಿದ್ದೆಯ ಸೆಳೆತ ಜಾಸ್ತಿ. ಚಹಾ, ತಂಬಾಕು ನಿದ್ದೆಗೆ ಬದಲಿಯಲ್ಲ. ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ 20 ನಿಮಿಷ ಮಲಗುವುದು ಮೇಲು. ನೆಗಡಿ ಮಾತ್ರೆ, ಕೆಮ್ಮಿನ ಔಷಧಿಗಳಲ್ಲಿ ಹಲವು ಮಂಪರು ತರುತ್ತವೆ, ಕೇಳಿಯೇ ತೆಗೆದುಕೊಳ್ಳಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ ಎಂಟು ಗಂಟೆಯ ದುಡಿಮೆ ಮತ್ತು ಐದು ಗಂಟೆಗೊಮ್ಮೆ ಅರ್ಧ ಗಂಟೆಯ ವಿಶ್ರಾಂತಿಯನ್ನು ನಿಗದಿಪಡಿಸಿತ್ತು. ದೇಹದ ಅಗತ್ಯ ಅಂದಿಗೂ ಇಂದಿಗೂ ಒಂದೇ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮೂತ್ರಕ್ಕೆ ಇಳಿಯಬೇಕಾದೀತೆಂದು ನೀರು ಕುಡಿಯದಿದ್ದರೆ ಮೂತ್ರಪಿಂಡದ ಕಲ್ಲು, ಬಿಸಿಲಾಘಾತ ಎರಡಕ್ಕೂ ದಾರಿಯಾಗುತ್ತದೆ. ಕಟ್ಟುವ ಕೆಲಸವನ್ನು ತಂಪು ಹೊತ್ತಿಗೆ ಇಟ್ಟುಕೊಳ್ಳಿ; ಮಜ್ಜಿಗೆ, ನೀರು ಜೊತೆಗಿರಲಿ.

ಪೆಟ್ಟಾದಾಗ

ಎತ್ತರದಿಂದ ಬಿದ್ದವನನ್ನು ಕೈಕಾಲು ಹಿಡಿದು ಎತ್ತಬೇಡಿ, ಕೂರಿಸಬೇಡಿ. ಬೆನ್ನುಮೂಳೆ ಮುರಿದಿದ್ದರೆ ಕಾಲಿನ ಶಕ್ತಿಯೇ ಹೋದೀತು. ಕತ್ತು ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯಿರಿ. ಕಣ್ಣಿಗೆ ಸಿಮೆಂಟ್ ಬಿದ್ದರೆ ಉಜ್ಜದೆ, ಶುದ್ಧ ನೀರಿನಿಂದ 20 ನಿಮಿಷ ತೊಳೆದು ಕಣ್ಣಿನ ವೈದ್ಯರ ಬಳಿ ಹೋಗಿ.

ಮನೆಯವರಿಗೂ ಒಂದು ಮಾತು. ಮಗನೋ ಯಜಮಾನನೋ ಹೊಸ ಟ್ರೇಲರ್‌ಗೆ ಸೇರುವಾಗ ಸಂಬಳ ಎಷ್ಟೆಂದು ವಿಚಾರಿಸುತ್ತೇವೆ. ಎಷ್ಟು ದಿನ ಕಲಿಸುತ್ತಾರೆ, ಜೊತೆಗೆ ಯಾರಿರುತ್ತಾರೆ, ಎಲ್ಲಿ ಮಲಗುತ್ತಾನೆ ಎಂಬುದನ್ನೂ ವಿಚಾರಿಸಿ. ಗಾಡಿಯಲ್ಲಿರುವಾಗ ಫೋನ್ ಮಾಡಿ ‘ಎಲ್ಲಿದ್ದೀ, ಬೇಗ ಬಾ’ ಎನ್ನಬೇಡಿ. ಕಟ್ಟು ನೋಡಲು ಅವನು ಇಳಿದ ಹತ್ತು ನಿಮಿಷ, ಮರದ ನೆರಳಲ್ಲಿ ಮಲಗಿದ ಇಪ್ಪತ್ತು ನಿಮಿಷ ವ್ಯರ್ಥವಾದ ಸಮಯವಲ್ಲ.