ತಂಬೂರಿ ಕಥೆಯಿಂದ ಆಲ್ಬಮ್‌ವರೆಗೆ: ಮಳವಳ್ಳಿ ಸೀಮೆಯ ಹಾಡುಗಾರಿಕೆ ಬೆಳೆದ ಬಗೆ

ಮಂಡ್ಯ ಜಿಲ್ಲೆಯ ಮಳವಳ್ಳಿ, ಮದ್ದೂರು ಸೀಮೆಯಲ್ಲಿ ಹಾಡಿಕೆ ಎಂದರೆ ಬಹುಕಾಲದಿಂದ ಕಥೆಯೇ. ಹರಕೆ ಹೊತ್ತವರ ಮನೆಯಲ್ಲಿ, ಜಾತ್ರೆಯಲ್ಲಿ, ತಿಥಿಯ ರಾತ್ರಿಯಲ್ಲಿ ತಂಬೂರಿ ಹಿಡಿದ ಗಾಯಕ ಇರುಳು ಕಳೆಯುವವರೆಗೂ ಒಂದು ಕಥೆಯನ್ನು ನಡೆಸುತ್ತಾನೆ. ಮಂಟೇಸ್ವಾಮಿಯ ಕಥೆ ಹಾಡುವವರು ನೀಲಗಾರರು. ಮಲೆ ಮಾದೇಶ್ವರನ, ಅಂದರೆ ಮಾದಪ್ಪನ, ಕಥೆಯನ್ನು ಕಂಸಾಳೆಯೊಡನೆ ಹಾಡುವವರು ದೇವರಗುಡ್ಡರು. ಇಬ್ಬರೂ ಗುರುವಿನಿಂದ ದೀಕ್ಷೆ ಪಡೆದವರು. ಅವರಿಗೆ ಹಾಡು ವ್ರತವೂ ಹೌದು, ಬದುಕೂ ಹೌದು. ಇಂದು ಕ್ಯಾಸೆಟ್, ಸಿನಿಮಾ, ಆಲ್ಬಮ್‌ಗಳಲ್ಲಿ ಕೇಳಿಬರುವ ದಕ್ಷಿಣ ಕರ್ನಾಟಕದ ಎಷ್ಟೋ ಜನಪದ ಗೀತೆಗಳ ಬೇರು ಈ ಎರಡು ಪರಂಪರೆಗಳಲ್ಲಿದೆ.

ಮಂಟೇಸ್ವಾಮಿ ಕಾವ್ಯದ ನೆಲ ಬಹುಪಾಲು ಇದೇ ಸೀಮೆ. ಕಾವ್ಯ ಬಸವಣ್ಣನ ಕಲ್ಯಾಣದಲ್ಲಿ ಆರಂಭವಾಗಿ ದಕ್ಷಿಣಕ್ಕೆ ಇಳಿದು ಬರುತ್ತದೆ. ಮಂಟೇಸ್ವಾಮಿ ಶಿಶುಮಗನನ್ನಾಗಿ ಬೇಡುವ ಕೆಂಪಾಚಾರಿಯ ಊರು ನಿಡುಘಟ್ಟ. ಆ ಕೆಂಪಾಚಾರಿಯೇ ಮುಂದೆ ಸಿದ್ದಪ್ಪಾಜಿಯಾಗುತ್ತಾನೆ. ಅವನು ಕಬ್ಬಿಣದ ಭಿಕ್ಷೆ ತರಲು ಹೋಗಿ ಪಾಂಚಾಳರಿಂದ ಕಠಿಣ ಪರೀಕ್ಷೆಗಳಿಗೆ ಒಳಗಾಗುವುದು ಮಳವಳ್ಳಿ ತಾಲ್ಲೂಕಿನ ಹಲಗೂರಿನಲ್ಲಿ. ಮಂಟೇಸ್ವಾಮಿ ನೆಲೆಸಿದ ಬೊಪ್ಪೇಗೌಡನಪುರವೂ ಇದೇ ತಾಲ್ಲೂಕಿನಲ್ಲಿದೆ. ಕಾವೇರಿ ದಡದ ಕಪ್ಪಡಿ ಮಂಟೇಸ್ವಾಮಿಯ ಇನ್ನೊಬ್ಬ ಶಿಷ್ಯ ರಾಚಪ್ಪಾಜಿಯ ಕ್ಷೇತ್ರವಾದರೆ, ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು ಸಿದ್ದಪ್ಪಾಜಿಯ ಕ್ಷೇತ್ರ. ಹಾಡುವವನಿಗೂ ಕೇಳುವವರಿಗೂ ಕಥೆಯ ಊರುಗಳು ನಡೆದು ನೋಡಿದ ಊರುಗಳೇ. ಹಲಗೂರಿನ ಹೆಸರು ಬಂದಾಗ ಅಲ್ಲಿ ಕುಳಿತವರಿಗೆ ವಿವರಣೆ ಬೇಕಿಲ್ಲ.

ನೀಲಗಾರರ ಮೇಳ ಚಿಕ್ಕದು. ಮುಖ್ಯ ಗಾಯಕನ ಹೆಗಲ ಮೇಲೆ ತಂಬೂರಿ, ಕೈಯಲ್ಲಿ ಗಗ್ಗರ. ಹಿಮ್ಮೇಳದವರ ಬಳಿ ಡಕ್ಕೆ, ತಾಳ. ಮುಖ್ಯ ಗಾಯಕ ಒಂದು ಸಾಲು ಎತ್ತಿಕೊಟ್ಟರೆ ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಹಾಡು ನಿಂತಲ್ಲಿ ಮಾತು ಬರುತ್ತದೆ: ಗಾಯಕನೇ ಪಾತ್ರವಾಗಿ ಕೇಳುತ್ತಾನೆ, ಹಿಮ್ಮೇಳದವನು ಹೂಂಗುಟ್ಟುತ್ತಾನೆ, ಎದುರು ಮಾತಾಡುತ್ತಾನೆ. ಕಾವ್ಯ ‘ಸಾಲು’ಗಳಾಗಿ ಒಡೆದುಕೊಂಡಿದೆ. ಯಾವ ರಾತ್ರಿ ಯಾವ ಸಾಲು, ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಮಾತಿನಲ್ಲೇ ದಾಟಿಸಬೇಕು ಎಂಬುದನ್ನು ಗಾಯಕ ಅಲ್ಲೇ ಕೂತ ಜನರನ್ನು ನೋಡಿ ತೀರ್ಮಾನಿಸುತ್ತಾನೆ. ಕಥೆ ಪರಂಪರೆಯದು, ಆ ರಾತ್ರಿಯ ಕಟ್ಟಡ ಮಾತ್ರ ಅವನದು. ಹಾಡು ಕಟ್ಟುವವನೂ ಹಾಡುವವನೂ ಒಬ್ಬನೇ ಆಗಿರುವುದು ಈ ಸೀಮೆಗೆ ಹೊಸತಲ್ಲ.

ವಿದ್ವಾಂಸರು ಈ ಗಾಯಕರ ಬೆನ್ನು ಹತ್ತಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯವರಾದ ಜೀ.ಶಂ. ಪರಮಶಿವಯ್ಯ ದಕ್ಷಿಣ ಕರ್ನಾಟಕದ ಜನಪದ ಕಾವ್ಯ ಪ್ರಕಾರಗಳನ್ನೇ ಸಂಶೋಧನೆಯ ವಿಷಯ ಮಾಡಿಕೊಂಡರು. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ಮಲೆಯ ಮಾದೇಶ್ವರ ಕಾವ್ಯ 1973ರಲ್ಲಿ ಹೊರಬಂತು. ಮುಂದೆ ಹಿ.ಚಿ. ಬೋರಲಿಂಗಯ್ಯ ಅವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮಂಟೇಸ್ವಾಮಿ ಕಾವ್ಯವನ್ನು ಪ್ರಕಟಿಸಿತು. ನಾಗಮಂಗಲ ತಾಲ್ಲೂಕಿನವರೇ ಆದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿ ಹಾಡುಗಳ ಧ್ವನಿಮುದ್ರಣಕ್ಕೆ ನೆಲೆ ಒದಗಿಸಿದರು. ಪುಸ್ತಕ ಕಥೆಯನ್ನು ಉಳಿಸಿತು. ಗಾಯಕನ ದನಿಯನ್ನು ಮನೆಮನೆಗೆ ಮುಟ್ಟಿಸಿದ್ದು ಕ್ಯಾಸೆಟ್.

1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ನೀಡಿದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳನ್ನು ಕ್ಯಾಸೆಟ್ಟಿಗೆ ತಂದಿತು. ಮುಂದಿನ ವರ್ಷಗಳಲ್ಲಿ ಟೇಪ್‌ರೆಕಾರ್ಡರ್ ಅಗ್ಗವಾಗಿ ಹಳ್ಳಿಯ ಮನೆ, ಹೋಟೆಲು, ಬಸ್ಸುಗಳಿಗೂ ಬಂದಾಗ ದೇವರ ಕಥೆಗಳಿಗೆ ದೊಡ್ಡ ಮಾರುಕಟ್ಟೆ ತೆರೆಯಿತು. ಈ ಕಾಲದಲ್ಲಿ ಮಂಡ್ಯ, ಮೈಸೂರು, ಚಾಮರಾಜನಗರ ಭಾಗಗಳಲ್ಲಿ ಮನೆಮಾತಾದ ಹೆಸರು ಮಳವಳ್ಳಿ ಮಹದೇವಸ್ವಾಮಿ. ಮಾದಪ್ಪ, ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಗಳು ಅವರ ದನಿಯಲ್ಲಿ, ಹಳೇ ಮೈಸೂರು ಸೀಮೆಯ ಆಡುಮಾತಿನಲ್ಲೇ, ಮೇಳವನ್ನು ಕರೆಸಲಾರದ ಮನೆಗಳನ್ನೂ ತಲುಪಿದವು. ಗಾಯಕನ ಹೆಸರಿನ ಮುಂದೆ ಊರಿನ ಹೆಸರು ನಿಂತು, ಮಳವಳ್ಳಿ ಎಂಬುದು ಒಂದು ಹಾಡುಗಾರಿಕೆಯ ಗುರುತಾಯಿತು.

ಕ್ಯಾಸೆಟ್ ಗಾಯಕನ ಮುಂದೆ ಹೊಸ ಕಷ್ಟವನ್ನೂ ಇಟ್ಟಿತು. ಅರವತ್ತು ನಿಮಿಷದ ಟೇಪಿನಲ್ಲಿ ಒಂದೊಂದು ಬದಿಗೆ ಅರ್ಧ ಗಂಟೆ. ಇರುಳಿಡೀ ಹರಿಯುತ್ತಿದ್ದ ಕಥೆಗೆ ಎರಡು ಬದಿಯ ಅಳತೆ ಬಂತು. ಎದುರಿಗೆ ಜನರಿಲ್ಲ, ಅವರ ಮುಖ ನೋಡಿ ಕಥೆ ಹಿಗ್ಗಿಸುವಂತಿಲ್ಲ. ಬದಿ ಮುಗಿಯುವ ಹೊತ್ತಿಗೆ ಕಥೆಯೂ ನಿಲ್ಲಬಹುದಾದ ಜಾಗಕ್ಕೆ ಬಂದಿರಬೇಕು. ಬಾಲನಾಗಮ್ಮ, ಅರ್ಜುನ ಜೋಗಿಯಂಥ ತಂಬೂರಿ ಕಥೆಗಳನ್ನು ಮುದ್ರಿಸುವಾಗ ಎದುರಾಗುವ ಪ್ರಶ್ನೆ ಇದೇ: ಯಾವುದನ್ನು ಬಿಟ್ಟರೆ ಕಥೆ ಕೆಡುತ್ತದೆ, ಯಾವುದನ್ನು ಬಿಟ್ಟರೂ ನಿಲ್ಲುತ್ತದೆ? ಇದಕ್ಕೆ ಉತ್ತರ ಹುಡುಕುವುದರಲ್ಲಿ ಗಾಯಕನ ಕಲೆ ಬೇರೆ ಬಗೆಯಲ್ಲಿ ಪಳಗುತ್ತದೆ. ಡಕ್ಕೆ, ಗಗ್ಗರಗಳ ಪಕ್ಕದಲ್ಲಿ ತಬಲ, ಕೀಬೋರ್ಡ್ ಬಂದು ಕೂತಾಗ ಸೊಲ್ಲಿನ ಲಯವೂ ಬಿಗಿಯಾಗುತ್ತದೆ. ನಷ್ಟವೂ ಇದೆ. ಹಿಮ್ಮೇಳದವನ ತುಂಟ ಪ್ರಶ್ನೆ, ಅಂದಿನ ಮನೆಯವರ ಹೆಸರು ಸೇರಿಸಿ ಹಾಡುವ ಸಲಿಗೆ, ನಡುರಾತ್ರಿಯ ಬಿಡುವು ಇವು ಟೇಪಿನಲ್ಲಿ ಸಿಗುವುದಿಲ್ಲ. ದೂರದೂರಿಗೆ ದುಡಿಯಲು ಹೋದವನಿಗೆ ಮಾತ್ರ ಆ ಟೇಪೇ ಊರಿನ ಜಾತ್ರೆ.

ಸಿನಿಮಾ ಇನ್ನೂ ಕಿರಿದಾದ ಅಳತೆ ಕೊಟ್ಟಿತು: ನಾಲ್ಕೈದು ನಿಮಿಷ. 1996ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಜನುಮದ ಜೋಡಿ’ಗೆ ವಿ. ಮನೋಹರ್ ಸಂಗೀತ ನೀಡಿದರು. ಅದರಲ್ಲಿ ಮಾದಪ್ಪನ ಪರಂಪರೆಯ ‘ಕೋಲುಮಂಡೆ’ ಹಾಡಿದ ಎಲ್.ಎನ್. ಶಾಸ್ತ್ರಿ ಅವರಿಗೆ ರಾಜ್ಯ ಪ್ರಶಸ್ತಿ ಬಂತು. ದೀರ್ಘ ಕಥೆಯ ಒಂದು ಪ್ರಸಂಗ ಬಿಡಿಗೀತೆಯಾಗಿ ನಿಂತು, ಮೂಲ ಕಾವ್ಯ ಕೇಳದವರ ನಾಲಗೆಗೂ ಬಂತು.

ಜನಪದದ ದಾರಿಯಲ್ಲಿ ಸ್ವಂತ ಹಾಡು ಕಟ್ಟಿ ಆಲ್ಬಮ್ ಮಾಡುವ ಗಾಯಕರು ಕಾಣಿಸಿಕೊಂಡದ್ದು ಇದರ ಮುಂದಿನ ಹಂತದಲ್ಲಿ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಇವರಲ್ಲಿ ಹೆಚ್ಚು ಹೆಸರಾದವರು. ಸೂಕ್ಷ್ಮಾಣುಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಭರತನಾಟ್ಯ ಕಲಿತು, ‘ಅಂತರಾಗ್ನಿ’ ತಂಡ ಕಟ್ಟಿದ ಅವರ ಮೊದಲ ಆಲ್ಬಮ್ 2008ರಲ್ಲಿ ಬಂತು. ವರ್ಷಗಟ್ಟಲೆ ವೇದಿಕೆಯಲ್ಲಿ ಹಾಡಿ ಪಳಗಿಸಿದ ಗೀತೆಗಳ ಕಂತೆ ಅದು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಷರೀಫರ ಪದಗಳು ಗಿಟಾರ್, ಪಿಟೀಲುಗಳ ಜೊತೆ ಕೇಳಿಸಿದವು. 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಅವರಿಗೆ ಹೊಸ ಪ್ರತಿಭೆಯ ಪ್ರಶಸ್ತಿ ನೀಡಿತು. ಹೊರದೇಶಗಳ ಉತ್ಸವಗಳಲ್ಲಿ ಹಾಡಿ ಬಂದ ಮೇಲೆ 2013ರಲ್ಲಿ ಎರಡನೆಯ ಆಲ್ಬಮ್ ‘ಜಗ್ ಚಂಗಾ’ ಹೊರಬಂತು. ಭಾಷೆ ತಿಳಿಯದ ಸಭೆಯ ಮುಂದೆಯೂ ಷರೀಫರನ್ನು ಹಾಡಿ ಬಂದಿದ್ದ ಗಾಯಕ, ಅದರಲ್ಲೂ ಷರೀಫರನ್ನು ಬಿಡಲಿಲ್ಲ.

ಈ ದಾರಿಗೂ ನೀಲಗಾರರ ದಾರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಆಲ್ಬಮ್ ಗಾಯಕ ಷರೀಫರ ಪದವನ್ನು ಆಯ್ದುಕೊಳ್ಳುತ್ತಾನೆ. ನೀಲಗಾರನಿಗೆ ಕಥೆ ದೀಕ್ಷೆಯೊಡನೆ ಬರುತ್ತದೆ. ಮೊದಲನೆಯವನಿಗೆ ರಾಗ, ವಾದ್ಯ, ಭಾಷೆಗಳಲ್ಲಿ ಸ್ವಾತಂತ್ರ್ಯ ಹೆಚ್ಚು, ಎರಡನೆಯವನಿಗೆ ಹೊಣೆ ಹೆಚ್ಚು. ಆದರೂ ಇಬ್ಬರ ಬೆಳವಣಿಗೆಯನ್ನು ಅಳೆಯುವ ಕೋಲು ಒಂದೇ. ಕೇಳಿದ ಧಾಟಿಯನ್ನು ಹಾಗೆಯೇ ಒಪ್ಪಿಸುವುದು ಕಲಿಕೆಯ ಹಂತ. ಅದಕ್ಕೆ ಹೊಸ ವಾದ್ಯ ಕೂಡಿಸುವುದು ಅಲಂಕಾರದ ಹಂತ. ಸಮಯ, ಸಭೆ, ಸಾಧನ ಬದಲಾದಾಗಲೂ ಹಾಡಿನ ತಿರುಳು ಎಲ್ಲಿದೆ ಎಂದು ಕಂಡುಕೊಂಡು ಅದರ ಸುತ್ತ ಉಳಿದದ್ದನ್ನು ಮತ್ತೆ ಕಟ್ಟಬಲ್ಲವನು ಬೆಳೆದ ಗಾಯಕ.

ಇಂದು ಮೊಬೈಲಿನಲ್ಲಿ ಹಾಡು ಹಾಕುವವರಿಗೆ ಟೇಪಿನ ಮಿತಿಯಿಲ್ಲ. ಹಳೆಯ ಕ್ಯಾಸೆಟ್ ಕಥೆಗಳೂ, ಇರುಳಿಡೀ ನಡೆದ ಮೇಳಗಳ ಚಿತ್ರೀಕರಣಗಳೂ ಯೂಟ್ಯೂಬಿನಲ್ಲಿ ಅಕ್ಕಪಕ್ಕ ಸಿಗುತ್ತವೆ. ಮಳವಳ್ಳಿ, ಮದ್ದೂರಿನ ಎಳೆಯ ಗಾಯಕರಿಗೆ ಇದು ದೊಡ್ಡ ಅನುಕೂಲ. ಒಂದೇ ಸಾಲನ್ನು ಬೇರೆ ಬೇರೆ ಹಿರಿಯರು ಹೇಗೆ ನಡೆಸಿದ್ದಾರೆ ಎಂದು ಹೋಲಿಸಿ ಕೇಳಬಹುದು. ಆದರೆ ಕೇಳಿ ಕಲಿತವನು ಒಮ್ಮೆಯಾದರೂ ಹಿಮ್ಮೇಳದಲ್ಲಿ ಕೂತು, ಸೊಲ್ಲು ಹಿಡಿದು, ಬೆಳಗಿನವರೆಗೆ ಕಥೆಯ ಜೊತೆ ಎಚ್ಚರವಿರಬೇಕು. ಯಾವುದು ತಿರುಳು, ಯಾವುದು ಬಿಡಬಹುದಾದದ್ದು ಎಂಬ ತಿಳಿವು ಹುಟ್ಟುವುದು ಇಡೀ ಕಥೆ ಬಲ್ಲವನಿಗೆ. ಆ ತಿಳಿವಿನಿಂದ ಕಟ್ಟಿದ ಹಾಡು ಐದು ನಿಮಿಷದ್ದಾದರೂ ಅದರಲ್ಲಿ ಪರಂಪರೆ ಮುಂದುವರಿಯುತ್ತದೆ.