ವರುಣನ ಕಾವಲು: ಓಸೀ ದ್ವೀಪದ ವೃತ್ತಾಂತ

ದಿನಕ್ಕೆ ಎರಡು ಸಲ ದ್ವೀಪವಾಗಿ, ಮತ್ತೆರಡು ಸಲ ದ್ವೀಪವಲ್ಲದೆ ಹೋಗುವ ನೆಲಗಳು ಲೋಕದಲ್ಲಿ ಕೆಲವುಂಟು. ಇಂಗ್ಲೆಂಡಿನ ಪೂರ್ವತೀರದ ಎಸೆಕ್ಸ್ ಪ್ರಾಂತದಲ್ಲಿರುವ ಓಸೀ ಅವುಗಳಲ್ಲೊಂದು. ಬ್ಲ್ಯಾಕ್‌ವಾಟರ್ ಎಂಬ ನದಿಯು ಕಡಲನ್ನು ಸೇರುವ ಅಳಿವೆಯಲ್ಲಿ ಈ ನೆಲವು ತಗ್ಗಾಗಿ ಹರಡಿಕೊಂಡಿದೆ. ಆ ಹೊಳೆಯ ಹೆಸರನ್ನು ಕನ್ನಡಿಸಿದರೆ ‘ಕರಿನೀರು’ ಎಂದಾಗುವುದು. ನಮ್ಮವರಿಗೆ ಆ ಮಾತು ಕೇಳಿದೊಡನೆ ಅಂಡಮಾನು ನೆನಪಾಗುವುದು ಸಹಜ; ಆದರೆ ಇಲ್ಲಿಗೆ ಒಂದು ಕಾಲದಲ್ಲಿ ಜನರು ಬಂದದ್ದು ಬೇರೊಂದು ಬಂಧನದಿಂದ ಬಿಡಿಸಿಕೊಳ್ಳುವುದಕ್ಕಾಗಿ.

ಕರಾವಳಿಯ ವಾಚಕರಿಗೆ ಉಬ್ಬರ ಇಳಿತಗಳನ್ನು ವಿವರಿಸಹೊರಡುವುದು ಅಧಿಕಪ್ರಸಂಗವಾದೀತು. ಘಟ್ಟದ ಮೇಲಿನವರಿಗಾಗಿ ಇಷ್ಟನ್ನು ಹೇಳಬೇಕು: ಓಸೀಯ ವಿಸ್ತಾರ ೩೦೦ ಎಕರೆಗೆ ಮಿಕ್ಕುದು, ಅದರ ಉತ್ತರದ ದಡದಿಂದ ಭೂಭಾಗಕ್ಕೆ ಕೆಸರಿನ ನಡುವೆ ಅಂಕುಡೊಂಕಾಗಿ ಸುಮಾರು ಒಂದು ಮೈಲಿಯ ದಾರಿಯಿದೆ. ರೋಮನ್ನರು ಅದನ್ನು ಕಟ್ಟಿದರೆಂದು ಪ್ರತೀತಿ. ನೀರಿಳಿದಾಗ ಗಾಡಿಯೇ ಹೋಗಬಹುದು. ನೀರೇರಿತೆಂದರೆ ದಾರಿ ಇತ್ತೆಂಬ ಗುರುತೂ ಕಾಣದು. ಇಳಿತದ ವೇಳೆಯಾದರೂ ದಿನದಿನಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕು ಮುಂದೆ ಸರಿಯುತ್ತಿರುವುದರಿಂದ, ಅಲ್ಲಿಯ ಗೃಹಿಣಿಯು ಗೋಡೆಯ ಗಡಿಯಾರಕ್ಕಿಂತ ಚಂದ್ರನನ್ನು ಹೆಚ್ಚಾಗಿ ನಂಬಿ ಸಂಸಾರ ನಡಸಬೇಕಾಗುತ್ತದೆ.

ಇದೇ ಹೊಳೆಯಲ್ಲಿ ಸ್ವಲ್ಪ ಮೇಲಕ್ಕೆ ನಾರ್ಥಿ ಎಂಬ ಇನ್ನೊಂದು ಇಂಥದೇ ದ್ವೀಪವುಂಟು. ೯೯೧ರಲ್ಲಿ ವೈಕಿಂಗ್ ದಾಳಿಕಾರರು ಬೀಡುಬಿಟ್ಟದ್ದು ಅಲ್ಲಿಯೇ ಎಂದು ಬಲ್ಲವರು ಊಹಿಸುತ್ತಾರೆ. ಇಳಿತದ ದಾರಿಯು ಕಿರಿದಾಗಿದ್ದು, ಕೆಲವೇ ಭಟರು ಅದನ್ನು ತಡೆದು ನಿಂತಿದ್ದರು. ಶತ್ರುಗಳು ದಾಟಿ ಬರಲು ಅವಕಾಶ ಬೇಡಿದರಂತೆ. ಬರ್ತ್‌ನಾತ್ ಎಂಬ ಇಂಗ್ಲಿಷ್ ನಾಯಕನು ಕೊಟ್ಟುಬಿಟ್ಟನು, ಕೊಟ್ಟು ರಣದಲ್ಲಿ ಮಡಿದನು. ಅದನ್ನು ಧರ್ಮಯುದ್ಧವೆನ್ನಬೇಕೋ ಗರ್ವವೆನ್ನಬೇಕೋ ಎಂದು ಅಲ್ಲಿಯ ಪಂಡಿತರು ಇಂದಿಗೂ ವಾದಿಸುತ್ತಿದ್ದಾರೆ. ಅದು ಹಾಗಿರಲಿ.

ನಾವು ಹೇಳಹೊರಟ ಕಥೆ ಫ್ರೆಡರಿಕ್ ಚಾರಿಂಗ್ಟನ್ನನದು. ೧೮೫೦ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈತನ ಮನೆತನವು ಬಿಯರು ತಯಾರಿಸಿ ಮಾರುವುದರಲ್ಲಿ ಆ ದೇಶಕ್ಕೆಲ್ಲ ಹೆಸರಾದುದು. ಇಪ್ಪತ್ತರ ಪ್ರಾಯದಲ್ಲಿ ಒಂದು ಸಂಜೆ ಪೂರ್ವಲಂಡನ್ನಿನ ಬಡವರ ಕೇರಿಯಲ್ಲಿ ಹೋಗುತ್ತಿದ್ದಾಗ, ಪಡಖಾನೆಯ ಬಾಗಿಲಲ್ಲಿ ಹರಕು ಬಟ್ಟೆಯ ಹೆಂಗಸೊಬ್ಬಳು ಮಕ್ಕಳ ಹಸಿವಿಗಾಗಿ ಗಂಡನಲ್ಲಿ ಕಾಸು ಬೇಡುತ್ತಿದ್ದಳು. ಅವನು ಅವಳನ್ನು ಹೊಡೆದು ಚರಂಡಿಗೆ ಕೆಡವಿದನು. ತಲೆಯೆತ್ತಿ ನೋಡಿದರೆ ಆ ಪಡಖಾನೆಯ ಹಲಗೆಯ ಮೇಲೆ ಹೊನ್ನಿನ ಬಣ್ಣದಲ್ಲಿ ಬರೆದಿದ್ದುದು ತನ್ನ ಮನೆತನದ ಹೆಸರು!

ಇಂಥ ನೋಟವನ್ನು ಕಂಡು ಮರುಗುವವರು ಅನೇಕರು. ಮರುದಿನ ಮರೆಯುವವರೂ ಅನೇಕರು. ಈತನು ಮರೆಯಲಿಲ್ಲ. ಹತ್ತು ಲಕ್ಷ ಪೌಂಡಿಗೂ ಮೀರಿದ ಪಿತ್ರಾರ್ಜಿತವನ್ನು ಬೇಡವೆಂದು ಬಿಟ್ಟು, ಅದೇ ಕೇರಿಗಳಲ್ಲಿ ಪಾನವಿರೋಧದ ಕೆಲಸಕ್ಕೆ ನಿಂತನು. ೧೮೮೬ರಲ್ಲಿ ಮೈಲ್ ಎಂಡ್ ಬೀದಿಯಲ್ಲಿ ಸಾವಿರಾರು ಜನ ಕೂಡಬಹುದಾದ ಸಭಾಭವನವು ಅವನ ಉದ್ಯಮದಿಂದ ಎದ್ದಿತು. ಉಪದೇಶ ಕೇಳಿ ಕಣ್ಣೀರಿಟ್ಟು ಕುಡಿತ ಬಿಡುತ್ತೇನೆಂದು ಆಣೆಯಿಟ್ಟವನು ಮನೆಗೆ ಹಿಂದಿರುಗುವ ದಾರಿಯಲ್ಲಿ ಎಷ್ಟು ಪಡಖಾನೆಗಳಿದ್ದುವೆಂಬುದು ಚಾರಿಂಗ್ಟನ್ನನಿಗೆ ಚೆನ್ನಾಗಿ ಗೊತ್ತಿತ್ತು. ಪಡಖಾನೆಯೇ ಇಲ್ಲದ ನೆಲವೊಂದು ಬೇಕು; ಅದರ ಸುತ್ತ ಹಾರಲಾಗದ ಬೇಲಿ ಬೇಕು. ೧೯೦೩ರಲ್ಲಿ ಅವನು ಓಸೀಯನ್ನು ಕೊಂಡನು.

ಆ ಚಳಿಗಾಲದಲ್ಲಿ ಲಂಡನ್ನಿನ ನಿರುದ್ಯೋಗಿಗಳಿಗೆ ಅಲ್ಲಿ ಕೆಲಸ ದೊರೆಯಿತು. ಕುಡಿತದ ರೋಗಿಗಳಿಗೆ ವಾಸಗೃಹಗಳಾದುವು. ದ್ವೀಪದಲ್ಲಿ ಮದ್ಯವೆಂಬುದಕ್ಕೆ ಪ್ರವೇಶವಿರಲಿಲ್ಲ. ಕಾವಲಿಗೆ ಕಡಲೇ ನಿಂತಿತು.

ಇಲ್ಲಿ ನಮಗೆ ಅಮರಕೋಶವು ನೆನಪಾಗುತ್ತದೆ. ಅಮರಸಿಂಹನು ಹೇಳಿರುವ ಮದ್ಯದ ಹೆಸರುಗಳಲ್ಲಿ ‘ವರುಣಾತ್ಮಜಾ’ ಎಂಬುದೂ ಒಂದು. ಕಡಲನ್ನು ಕಡೆದಾಗ ಹುಟ್ಟಿದ ವಾರುಣಿಯು ವರುಣನ ಮಗಳೆಂದು ಪುರಾಣ. ಮಗಳು ಬಾರದಂತೆ ತಂದೆಯನ್ನೇ ಕಾವಲಿಗಿಟ್ಟರೆ ಆಗುವುದೇನು? ಆದದ್ದೂ ಅದೇ. ಎದುರು ದಡದ ದೋಣಿಯವರು ಸೀಸೆಗಳನ್ನು ತಂದು, ನೀರಿನಲ್ಲಿ ತೇಲುವ ಗುರುತುಗಳಿಗೆ ಕಟ್ಟಿ ಹೋಗುತ್ತಿದ್ದರೆಂದೂ, ರೋಗಿಗಳು ಸಮಯ ನೋಡಿ ಬಿಚ್ಚಿ ತರುತ್ತಿದ್ದರೆಂದೂ ಆ ತೀರದವರು ಹೇಳುತ್ತ ಬಂದಿದ್ದಾರೆ. ಕೇಳಿದವರಿಗೆ ನಗು ಬರುವುದು ನಿಜ. ಆದರೆ ಮನೆಯಲ್ಲಿ ಕುಡುಕನೊಬ್ಬನನ್ನು ಇಟ್ಟುಕೊಂಡು, ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಸೆರಗಿನಲ್ಲಿ ಗಂಟಿಕ್ಕಿಕೊಂಡ ತಾಯಂದಿರು ನಮ್ಮ ಊರುಗಳಲ್ಲಿಯೂ ಇದ್ದಾರೆ; ಅವರು ನಗಲಾರರು. ಬೇಲಿ ಸೋರಿತೆಂದು ಬೇಲಿ ಹಾಕಿದವನನ್ನು ಹಳಿಯುವುದು ನಮಗೆ ಸರಿತೋರದು. ದೋಣಿಯವನ ಲಾಭದಾಸೆಯೇ ನಮಗೆ ಹೆಚ್ಚು ಹೇಯವಾಗಿ ಕಾಣುತ್ತದೆ.

ಮೊದಲನೆಯ ಮಹಾಯುದ್ಧದ ಕಡೆಯ ವರ್ಷಗಳಲ್ಲಿ ನೌಕಾಪಡೆಯು ದ್ವೀಪವನ್ನು ತನ್ನ ಕೆಲಸಕ್ಕೆ ತೆಗೆದುಕೊಂಡಿತು. ನೀರಿನ ಮೇಲೆ ಜಾರಿ ಹಾರುವಂತೆ ಓಡುವ, ೪೦ ಅಡಿಗಳಷ್ಟೇ ಉದ್ದವಾದ ಮೋಟಾರು ದೋಣಿಗಳಿಗೆ ಓಸೀಯು ನೆಲೆಯಾಯಿತು. ದೋಣಿಯ ಹಿಂಬದಿಯಿಂದ ಟಾರ್ಪೆಡೊವನ್ನು ನೀರಿಗೆ ಬಿಟ್ಟು, ಅದು ಬೆನ್ನಟ್ಟಿ ಬರುವಷ್ಟರಲ್ಲಿ ಪಕ್ಕಕ್ಕೆ ತಿರುಗಿ ತಪ್ಪಿಸಿಕೊಳ್ಳಬೇಕು. ಇಲ್ಲಿದ್ದ ಆಗಸ್ಟಸ್ ಏಗರ್ ಎಂಬ ತರುಣ ಅಧಿಕಾರಿಯು ೧೯೧೯ರ ಜೂನ್ ೧೭ರಂದು ಅಂಥದೊಂದು ದೋಣಿಯಿಂದ, ಕ್ರಾನ್‌ಸ್ಟಾಟ್ ಕೋಟೆಯ ಬಳಿ ರಷ್ಯದ ‘ಒಲೆಗ್’ ಎಂಬ ಯುದ್ಧನೌಕೆಯನ್ನು ಮುಳುಗಿಸಿ ವಿಕ್ಟೋರಿಯಾ ಕ್ರಾಸ್ ಪಡೆದನು. ಶಾಂತಿಗಾಗಿ ಕೊಂಡ ನೆಲದ ಪಾಲಿಗೆ ಇದೂ ಬರೆದಿತ್ತು.

ಚಾರಿಂಗ್ಟನ್ನನು ೧೯೩೬ರಲ್ಲಿ ತೀರಿಕೊಂಡನು. ದ್ವೀಪವು ಆಮೇಲೆ ಕೈಯಿಂದ ಕೈಗೆ ಹೋಯಿತು. ವಿಚಿತ್ರವೆಂದರೆ, ಸುಮಾರು ನೂರು ವರ್ಷಗಳ ಬಳಿಕ, ಈ ಶತಮಾನದ ಮೊದಲ ದಶಕದಲ್ಲಿ, ವ್ಯಸನ ಬಿಡಿಸುವ ಚಿಕಿತ್ಸಾಲಯವೊಂದು ಮತ್ತೆ ಅಲ್ಲಿಯೇ ತೆರೆಯಿತು. ಈ ಬಾರಿ ಬಂದವರು ಹಣವಂತರು, ಹೆಸರಾದವರು. ಆಸ್ಪತ್ರೆಗೆ ಬೇಕಾದ ಪರವಾನಗಿಯಿಲ್ಲದೆ ನಡಸಿದ ಕಾರಣ ಅದು ನ್ಯಾಯಾಲಯದ ಮೆಟ್ಟಿಲೇರಿ ೨೦೧೦ರಲ್ಲಿ ಮುಚ್ಚಿಹೋಯಿತು. ಮೊದಲನೆಯವನು ಹಣವನ್ನು ಬಿಟ್ಟು ಬಂದು ಕಟ್ಟಿದ್ದನು. ಎರಡನೆಯದು ಹಣಕ್ಕಾಗಿ ನಡೆದ ವ್ಯವಹಾರ.

ಓಸೀಯು ಈಗಲೂ ಖಾಸಗಿ ಒಡೆತನದಲ್ಲಿದೆ. ಅಲ್ಲಿಯ ಮನೆಗಳನ್ನು ವಿಶ್ರಾಂತಿಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಾರೆ. ಹೋಗುವವರಿಗೆ ಮನೆಯ ಬೀಗದ ಕೈಗಿಂತ ಮೊದಲು ಬೇಕಾದುದು ಆ ವಾರದ ಇಳಿತದ ವೇಳಾಪಟ್ಟಿ.